ಸೂರ್ಯನಿಗೊಂದು ಸಿಂಬಿ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು, ನಿವೃತ್ತಳಾದ ಮೇಲೆ, ಈ ಎರಡು ಕೈಗಳಿಂದ ಒಂದು ತಾಯತ ಮಾಡಿದ್ದೇನೆ. ಯಾರಿಗೂ ಕಾಣದಂತೆ ಕದ್ದು ಮಾಡಿದ್ದರೆ ಹೇಗೋ ಮುಚ್ಚಿಡಬಹುದಿತ್ತು. ಘೋಡಗೇರಿಯ ಅರ್ಧ ಊರು ಸುತ್ತ ನಿಂತು ನೋಡುತ್ತಿರುವಾಗ ಕೊನೆಯ ಗಂಟು ಹಾಕಿದ್ದರಿಂದ ಈಗ ಒಪ್ಪಿಕೊಳ್ಳದೆ ಗತಿಯಿಲ್ಲ.

ಇದರಲ್ಲಿ ಒಪ್ಪಿಕೊಳ್ಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನಾನು ಎಂಥ ಟೀಚರಾಗಿದ್ದೆ ಎಂಬುದು ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಮೂಡಲಗಿಯ ಸಾಲೆಯಲ್ಲಿ ಪ್ರತಿ ವರ್ಷ ಜೂನ್ ತಿಂಗಳ ಮೊದಲ ವಾರ, ಎಂಟನೆಯ ತರಗತಿಗೆ, ಪಠ್ಯದಲ್ಲಿಲ್ಲದ ಒಂದು ಪಾಠ ಮಾಡುತ್ತಿದ್ದೆ. ಬೇರೆ ವಿಜ್ಞಾನ ಶಿಕ್ಷಕರು ಬಾಟಲಿಯಲ್ಲಿ ಕಪ್ಪೆ ಇಟ್ಟುಕೊಂಡಿರುವಂತೆ ನಾನು ಮೇಜಿನ ಖಾನೆಯಲ್ಲಿ ಒಂದು ತಾಯತ ಇಟ್ಟುಕೊಂಡಿದ್ದೆ. ಅದನ್ನು ಹೊರತೆಗೆದು, ಮಕ್ಕಳೆದುರು ಬಿಚ್ಚಿ, ಒಳಗಿನ ಚೂರು ತಗಡನ್ನು ಎತ್ತಿ ಹಿಡಿದು, "ನೋಡ್ರಿ, ಇದು ತಗಡು. ಜ್ವರ ಇಳಸೂ ಶಕ್ತಿ ಇದಕ್ಕಿಲ್ಲ" ಎನ್ನುತ್ತಿದ್ದೆ. ಮಕ್ಕಳು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮರುದಿನ ತೋಳಿನ ಕರಿದಾರವನ್ನು ಅಂಗಿಯ ತೋಳಿನೊಳಗೆ ಇನ್ನಷ್ಟು ಮೇಲಕ್ಕೆ ಸರಿಸಿಕೊಂಡು ಬರುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ತಿಳಿದು ನಾನು ಅದನ್ನೇ ಗೆಲುವು ಎಂದುಕೊಂಡಿದ್ದೆ. ವಿಜ್ಞಾನದ ಟೀಚರಿಗೆ ಇದು ಶೋಭಿಸುವ ತಪ್ಪಲ್ಲ.

ಈಗ ನಾನೂ ನಮ್ಮ ಮನೆಯವರೂ ಘಟಪ್ರಭಾದಲ್ಲಿ, ರೈಲ್ವೆ ಸ್ಟೇಶನ್ನಿಗೆ ಹತ್ತಿರದ ಮನೆಯಲ್ಲಿದ್ದೇವೆ. ಮೇಲೆ ಒಂದು ಕೋಣೆ ಖಾಲಿ ಇತ್ತು. ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಆ ಕೋಣೆಗೆ ಬಾಡಿಗೆಗೆ ಬಂದವಳು ರಾಸಾ. ನಮ್ಮ ಕಡೆ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಗಳು ಹೊಟ್ಟೆ ಬಿಚ್ಚಿಕೊಂಡು ಮಲಗುತ್ತವೆ. ಮಳೆಗಾಲ ಕಳೆಯುವುದರೊಳಗೆ ದುರಸ್ತಿ ಆಗಬೇಕು. ಹತ್ತಿರದ ಒಂದು ಕಾರ್ಖಾನೆಯಲ್ಲಿ ಪರದೇಶದ ಯಂತ್ರವೊಂದಿತ್ತು. ಅದನ್ನು ನೋಡಿಕೊಳ್ಳಲು ಲಿಥುವೇನಿಯಾ ಎಂಬ ದೇಶದಿಂದ ಬಂದ ಎಂಜಿನಿಯರು ಇವಳು. ವಯಸ್ಸು ನಲವತ್ತರ ಸುಮಾರು. ಕೂದಲು ಒಣಗಿದ ಜೋಳದ ದಂಟಿನ ಬಣ್ಣ. ಬೆಳಿಗ್ಗೆ ನೀಲಿ ಬಟ್ಟೆ ತೊಟ್ಟು, ಹೆಲ್ಮೆಟ್ ಕೈಯಲ್ಲಿ ಹಿಡಿದು ಹೋದರೆ, ಸಂಜೆ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬರುತ್ತಿದ್ದಳು. ಓಣಿಯ ಹೆಂಗಸರು ಎರಡೇ ದಿನಕ್ಕೆ ಅವಳನ್ನು ರಾಸಾಬಾಯಿ ಮಾಡಿದರು. ಅವಳು ಕಲಿತ ಕನ್ನಡ ಒಂದೇ ಮಾತು: "ಆತ್ರಿ." ಚಹಾ ಕುಡಿಯುತ್ತೀಯಾ ಎಂದರೂ ಆತ್ರಿ, ನಲ್ಲಿಯಲ್ಲಿ ನೀರಿಲ್ಲ ಎಂದರೂ ಆತ್ರಿ. ಆ ಒಂದು ಮಾತಿನಿಂದ ಊರಿನಲ್ಲಿ ಎಷ್ಟು ಜನರ ಪ್ರೀತಿ ಗಳಿಸಬಹುದು ಎಂಬುದನ್ನು ನೋಡಿ, ನನಗೆ ಗೊತ್ತಿರುವ ಉಳಿದ ಕನ್ನಡದ ಬಗ್ಗೆ ಸ್ವಲ್ಪ ಬೇಸರವೇ ಆಯಿತು.

ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಅವಳದು ಎಂಜಿನಿಯರಿಂಗ್ ಇಂಗ್ಲಿಷು, ನನ್ನದು ಪಾಠದ ಇಂಗ್ಲಿಷು. ನಡುವೆ ಒಂದಿಷ್ಟು ಕೈಸನ್ನೆ. ಒಂದು ಸಂಜೆ ಒಲೆ ಹೊಗೆಯಾಡುತ್ತಿರುವಾಗ ಅವಳು ಮೂಗು ಮುಚ್ಚಿಕೊಂಡು "ದೂಮಾಸ್" ಎಂದಳು. ನನ್ನ ಕಿವಿ ನೆಟ್ಟಗಾಯಿತು. ಧೂಮ! ಬೆಂಕಿಗೆ ಏನೆನ್ನುತ್ತೀರಿ ಎಂದೆ. "ಉಗ್ನಿಸ್." ಅಗ್ನಿ! ಮಗನಿಗೆ? "ಸೂನುಸ್." ಸಂಸ್ಕೃತದ ಸೂನು! ನಾನು ಸೌಟು ಹಿಡಿದುಕೊಂಡೇ ಕುಣಿದೆ. ಆ ದಿನ ಪಲ್ಯ ಸೀದುಹೋಯಿತು. ಸಾವಿರಾರು ಮೈಲಿ ಆಚೆ, ಆರು ತಿಂಗಳು ಹಿಮ ಬೀಳುವ ದೇಶದಲ್ಲಿ, ಯಾರೋ ನಮ್ಮ ಮಂತ್ರದ ಶಬ್ದಗಳನ್ನು ಅಡುಗೆಮನೆಯಲ್ಲಿ ಬಳಸುತ್ತಿದ್ದಾರೆ ಎಂಬುದು ಎಂಥ ಸಂತೋಷ! ನಮ್ಮ ಮನೆಯವರು ಊಟಕ್ಕೆ ಕೂತು, ಸೀದ ಪಲ್ಯ ಬಾಯಿಗಿಟ್ಟು, "ಇದಕ್ಕ ಅವರ ಭಾಷಾದಾಗ ಏನ ಅಂತಾರ ಕೇಳು" ಎಂದರು.

ಜೂನ್ ತಿಂಗಳ ಎರಡನೆಯ ವಾರ ರಾಸಾ ನನ್ನೆದುರು ಬಂದು ಕೂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳದಿ ಪುಡಿ. ಅವಳು ಹೇಳಿದ್ದು ಇಷ್ಟು: ಅವಳ ಅಜ್ಜಿಯ ಮನೆಯವರು ಹಳೆಯ ದೇವರುಗಳನ್ನು ಬಿಡದ ಜನ. ಸೂರ್ಯ, ಬೆಂಕಿ, ಮರ, ನೀರು ಇವೇ ಅವರ ದೇವರು. ಇಂಗ್ಲಿಷಿನಲ್ಲಿ ಇಂಥವರನ್ನು ಪೇಗನ್ ಎನ್ನುತ್ತಾರೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಅದನ್ನು ಪಾಗಲ್ ಎಂದು ಕೇಳಿಸಿಕೊಂಡು, "ಹಂಗ ಅನ್ನಬಾರದವಾ, ಪಾಪ" ಎಂದು ಅವಳಿಗೆ ಸಮಾಧಾನ ಹೇಳಿದರು. ವರ್ಷದಲ್ಲಿ ಅತಿ ದೊಡ್ಡ ಹಗಲು ಬರುವ ದಿನ, ಅಂದರೆ ಜೂನ್ ಇಪ್ಪತ್ತೊಂದರ ಸುಮಾರಿಗೆ, ಅವರಲ್ಲಿ ಬೆಂಕಿ ಹಾಕಿ ಹಾಡುತ್ತಾರೆ. ಆ ದಿನ ಅಜ್ಜಿ ಹುಲ್ಲಿನಿಂದ ಒಂದು ಚಕ್ರ ಹೆಣೆದು, ನಡುವೆ ನಾಲ್ಕು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ಒಂಬತ್ತು ಬಗೆಯ ಸೊಪ್ಪು ಸೇರಿಸಿ, ಅದನ್ನು ಮೊಮ್ಮಗಳಿಗೆ ಕೊಡುತ್ತಿದ್ದಳು. ಅದು ಸೂರ್ಯನ ಚಕ್ರ. ಇಟ್ಟುಕೊಂಡವರನ್ನು ವರ್ಷವಿಡೀ ಕಾಯುತ್ತದೆ. ರಾಸಾ ಅದನ್ನು ಹೆಲ್ಮೆಟ್ಟಿನ ಒಳಗೆ ಸಿಕ್ಕಿಸಿಕೊಂಡು ಎತ್ತರದ ಏಣಿಗಳನ್ನು ಹತ್ತುತ್ತಿದ್ದಳು. ಈ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಿದ್ದಳು. ಚೀಲದಲ್ಲಿದ್ದ ಪುಡಿ, ಹೋದ ವರ್ಷದ ಚಕ್ರ.

"ಹಾಗಾದರೆ ನೀನೇ ಮಾಡಿಕೋ" ಎಂದೆ.

"ಅವರವರಿಗೆ ಅವರವರೇ ಮಾಡಿಕೊಳ್ಳುವಂತಿಲ್ಲ. ಇರುವ ಮನೆಯ ಹಿರಿಯ ಹೆಂಗಸು ಕೈಯಾರೆ ಮಾಡಿ ಕೊಡಬೇಕು" ಎಂದಳು ರಾಸಾ. ಆಮೇಲೆ ಸುತ್ತ ನೋಡಿದಳು. ಇಡೀ ಮನೆಯಲ್ಲಿ ಹಿರಿಯ ಹೆಂಗಸು ನಾನೊಬ್ಬಳೇ.

ತಗಡಿನ ಪಾಠವನ್ನು ಇಂಗ್ಲಿಷಿನಲ್ಲಿ ಶುರು ಮಾಡಬೇಕೆಂದಿದ್ದೆ. ಆದರೆ ಅವಳು ಆ ಪುಡಿಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ರೀತಿ ನೋಡಿ ಅದನ್ನು ಕೈಬಿಟ್ಟೆ. ವಿಚಾರ ಮಾಡಿ ಹೇಳುತ್ತೇನೆ ಎಂದೆ. ಬೆಳಿಗ್ಗೆ ಇಷ್ಟಲಿಂಗಪೂಜೆ ಮುಗಿಸಿ ಎದ್ದ ನಮ್ಮ ಮನೆಯವರಿಗೆ ನನ್ನ ಸಂಕಟ ಹೇಳಿಕೊಂಡೆ.

"ಕಟ್ಟಿಕೊಡು" ಎಂದರು.

"ನನಗ ಅದರಾಗ ನಂಬಿಕಿ ಇಲ್ಲಲ್ರಿ."

"ನಂಬಿಕಿ ಆಕೀದು. ನಿನ್ನದು ಬರೇ ಹುಲ್ಲು. ಹುಲ್ಲಿನ ಜೋಡಿ ಏನ ವಾದಾ ಮಾಡತಿ?"

ವಾದ ಮಾಡದೆ ಪಾರಾಗುವ ದಾರಿ ಹುಡುಕಿದೆ. ಗೋಕಾಕದಲ್ಲಿ ಕಟ್ಟಿಗೆಯ ಬೊಂಬೆ ಮಾಡುವ ಪರಿಚಯದ ಹಿರಿಯರೊಬ್ಬರಿದ್ದಾರೆ. ಅವರು ಮಾಡಿದ ಬಣ್ಣದ ಮಾವಿನಹಣ್ಣನ್ನು ನಮ್ಮ ಮನೆಗೆ ಬಂದವರು ಕಚ್ಚಿ ನೋಡಿದ್ದುಂಟು. ಅವರಿಗೆ ಒಂದು ಸೂರ್ಯ ಮಾಡಿಕೊಡಿ ಎಂದೆ. ಮೂರೇ ದಿನಕ್ಕೆ ಮಾಡಿಕೊಟ್ಟರು. ಸೂರ್ಯನಿಗೆ ಕೆಂಪು ಕಣ್ಣು, ಹಣೆಗೆ ಮೂರು ಬೆರಳಿನ ವಿಭೂತಿ, ಮೂಗಿನ ಕೆಳಗೆ ಎರಡೂ ಕಡೆ ತಿರುವಿದ ಹುರಿಮೀಸೆ. ಯಾವುದೋ ಠಾಣೆಯಿಂದ ವರ್ಗವಾಗಿ ಬಂದ ಫೌಜುದಾರನಂತಿದ್ದ. "ಮೀಸಿ ಯಾಕ್ರಿ?" ಎಂದೆ. "ಮೀಸಿ ಇರಲಾರದ ಸೂರ್ಯಗ ಯಾರ ಅಂಜತಾರ್ರಿ ಅಕ್ಕಾರ?" ಎಂದರು. ರಾಸಾಗೆ ಅದು ಬಹಳ ಹಿಡಿಸಿತು. ಕೋಣೆಯ ಬಾಗಿಲಿಗೆ ತೂಗುಹಾಕಿ, ಹೋಗುತ್ತ ಬರುತ್ತ ಅದಕ್ಕೆ ನಮಸ್ಕಾರ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಆದರೆ ಇದು ಅದಲ್ಲ" ಎಂದಳು.

ಸರಿ, ಹುಲ್ಲಿನದೇ ಆಗಲಿ ಎಂದು ಮೂಡಲಗಿಗೆ ಹೋದೆ. ಅಲ್ಲಿ ದಾರ, ಗುಂಡಿ, ಲೇಸು ಮಾರುವ ಅಂಗಡಿ ನನ್ನ ಹಳೆಯ ವಿದ್ಯಾರ್ಥಿನಿಯದು. ಹೆಸರು ಶೈಲಾ, ಮೊದಲ ಬೆಂಚಿನ ಹುಡುಗಿ, ಕೇಳಿದ್ದನ್ನು ಮರೆಯದವಳು. ಅಂಗಡಿಯಲ್ಲಿ ಆರೇಳು ಜನ ಹೆಂಗಸರು ಇದ್ದರು. ನಾನು ಮೆಲ್ಲಗೆ ಹಳದಿ ದಾರ ಕೇಳಿದೆ.

"ಎದಕ್ಕ ಬೇಕ್ರಿ ಅಕ್ಕಾರ? ಕೌದಿಗೋ, ಕುಂಚಿಗಿಗೋ?"

"ಹಿಂಗ... ಏನರ ಕಟ್ಟಾಕ."

"ಏನ ಕಟ್ಟತೀರಿ ಹೇಳ್ರಿ, ಅದಕ್ಕ ಸರಿಯಾದ್ದು ಕೊಡತೀನಿ."

ಸುಳ್ಳು ಹೇಳಿ ರೂಢಿಯಿಲ್ಲ. "ತಾಯತದಂಥಾದ್ದು" ಎಂದೆ. ಶೈಲಾಳ ಕೈಯಲ್ಲಿದ್ದ ದಾರದ ಉಂಡೆ ಕೆಳಗೆ ಬಿದ್ದು ಅಂಗಡಿಯ ತುಂಬ ಉರುಳಿತು. ಅವಳು ಅದನ್ನು ಎತ್ತಲಿಲ್ಲ. "ನೋಡ್ರಿ, ಇದು ತಗಡು" ಎಂದು ಮಾತ್ರ ಅಂದಳು, ನನ್ನದೇ ಧ್ವನಿಯಲ್ಲಿ. ಅಷ್ಟೂ ಹೆಂಗಸರು ನನ್ನ ವಿದ್ಯಾರ್ಥಿನಿಯರೇ ಆಗಿದ್ದರೆಂದು ಅವರು ನಕ್ಕ ಮೇಲೆ ಗೊತ್ತಾಯಿತು.

ಮನೆಗೆ ಬಂದು ಕಬ್ಬಿನ ಒಣ ಗರಿಯಲ್ಲಿ ಪ್ರಯತ್ನ ಮಾಡಿದೆ. ಕಬ್ಬಿನ ಗರಿಗೆ ಅಂಚು ಎನ್ನುವುದು ಕತ್ತಿಯಂತಿರುತ್ತದೆ. ಮೂರು ಬೆರಳಿಗೆ ಪಟ್ಟಿ ಕಟ್ಟಿಕೊಂಡೆ. ಜೋಳದ ದಂಟು ಬಾಗಿಸಿದೆ, ಲಟಕ್ಕನೆ ಮುರಿಯಿತು. ಕೊನೆಗೆ ಏನೋ ಒಂದು ಆಕಾರ ಬಂತು. ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗುಬ್ಬಿ ಗೂಡು ಅರ್ಧಕ್ಕ ಬಿಟ್ಟ ಹೋಗೈತಿ" ಎಂದರು.

ನಿಜ ಹೇಳಬೇಕೆಂದರೆ ಅಲ್ಲಿಗೇ ಕೈ ಬಿಡುತ್ತಿದ್ದೆ. ಮರುದಿನ ರಾಸಾ ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಟ್ಟು ಬರೋಣವೆಂದು ಕಾರ್ಖಾನೆಗೆ ಹೋದೆ. ಗೇಟಿನವರು ಒಳಗೆ ಬಿಟ್ಟು, ಅಲ್ಲಿ ನೋಡಿ ಎಂದು ಕೈ ತೋರಿಸಿದರು. ಮೂರು ಮಾಳಿಗೆ ಎತ್ತರದ ಒಂದು ಕಬ್ಬಿಣದ ಹಂಡೆ. ಅದಕ್ಕೆ ನೆಟ್ಟಗೆ ಅಂಟಿಕೊಂಡ ಏಣಿ. ಏಣಿಯ ಬುಡದಲ್ಲಿ ನಮ್ಮ ರಾಸಾ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಳು, ಕೊಂಡಿ ಎಳೆದು ನೋಡಿದಳು. ಆಮೇಲೆ ಹೆಲ್ಮೆಟ್ ತೆಗೆದು, ಅದರೊಳಗೆ ಎರಡು ಬೆರಳು ಹಾಕಿ ಏನನ್ನೋ ಮುಟ್ಟಲು ಹೋದಳು. ಅಲ್ಲಿ ಏನೂ ಇರಲಿಲ್ಲ. ಬೆರಳು ಹಾಗೆಯೇ ಒಂದು ಕ್ಷಣ ನಿಂತವು. ಮತ್ತೆ ಹೆಲ್ಮೆಟ್ ಹಾಕಿಕೊಂಡು ಹತ್ತಿದಳು. ಗುರುತ್ವಾಕರ್ಷಣೆಯನ್ನು ನಾನು ಎಷ್ಟು ಸಲ ಕಲಿಸಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಅವಳು ಇಳಿಯುವವರೆಗೆ ಊಟದ ಡಬ್ಬಿ ಹಿಡಿದುಕೊಂಡು ಏಣಿಯ ಬುಡದಲ್ಲೇ ನಿಂತೆ.

ಹುಲ್ಲಿನಲ್ಲಿ ಚಕ್ರ ಹೆಣೆಯುವುದು ನನಗೆ ಗೊತ್ತಿದ್ದವರಲ್ಲಿ ಒಬ್ಬಳಿಗೇ ಬರುತ್ತಿತ್ತು. ಘೋಡಗೇರಿಯಲ್ಲಿರುವ ನಮ್ಮ ಅಕ್ಕ ಗಂಗಕ್ಕನಿಗೆ. ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಇಟ್ಟುಕೊಳ್ಳುವ ಸಿಂಬಿಯನ್ನು ಅವಳು ಗೋಧಿ ಹುಲ್ಲಿನಲ್ಲಿ ಹೆಣೆದು, ಬಣ್ಣದ ದಾರ ಸುತ್ತಿ, ಗೊಂಡೆ ಬಿಟ್ಟರೆ, ಅದನ್ನು ಕೊಡದ ಕೆಳಗಿಡಲು ಮನಸ್ಸಾಗುವುದಿಲ್ಲ. ಸೂರ್ಯಚಕ್ರವೆಂದರೆ ನಡುವೆ ಅಡ್ಡ ಕಡ್ಡಿಗಳಿರುವ ಸಿಂಬಿಯೇ ಅಲ್ಲವೇ? ತೊಂದರೆ ಏನೆಂದರೆ, ಗಂಗಕ್ಕ ನನ್ನ ಜೊತೆ ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಬಿಟ್ಟಿದ್ದಕ್ಕೆ ಕಾರಣವೂ ತಾಯತವೇ.

ಅವಳ ಮೊಮ್ಮಗ ದಿನ ತುಂಬುವ ಮೊದಲೇ ಹುಟ್ಟಿದವನು. ಹದಿನಾಲ್ಕು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಬದುಕಿ ಮನೆಗೆ ಬಂದ. ಹೆಸರಿಡುವ ದಿನ ಅವನ ತೊಟ್ಟಿಲಿಗೆ ಕಪ್ಪು ಬಟ್ಟೆಯ ಚಿಕ್ಕ ತಾಯತ ಕಟ್ಟಿದ್ದರು. ನನಗೆ ತಡೆಯಲಿಲ್ಲ. ಕೂಸನ್ನು ಉಳಿಸಿದ್ದು ಡಾಕ್ಟರು, ಇದಲ್ಲ ಎಂದು ಭಾಷಣ ಮಾಡಿ, ಸೀರೆಯ ಪಿನ್ನಿನಿಂದ ಎಲ್ಲರೆದುರು ಅದನ್ನು ಬಿಚ್ಚಿದೆ. ಒಳಗೆ ಕ್ಯಾಲೆಂಡರಿನಿಂದ ಹರಿದ ಒಂದು ಚೂರು ಕಾಗದ. ಬಂದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗಂಗಕ್ಕ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ನಮ್ಮಿಬ್ಬರ ನಡುವಿನ ಸುದ್ದಿಯೆಲ್ಲ ಗಂಡಂದಿರ ಮುಖಾಂತರವೇ ನಡೆಯುತ್ತಿತ್ತು. ಅವರಿಬ್ಬರಿಗೂ ಮಾತು ಕಡಿಮೆ, ಹಾಗಾಗಿ ಸುದ್ದಿಯೂ ಅಷ್ಟಕ್ಕಷ್ಟೇ.

ಇಪ್ಪತ್ತರಂದು ಬೆಳಿಗ್ಗೆ ರಾಸಾಳನ್ನು ಕರೆದುಕೊಂಡು ಘೋಡಗೇರಿಯ ಬಸ್ಸು ಹತ್ತಿದೆ. ಗಂಗಕ್ಕ ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ನನ್ನನ್ನು ನೋಡಿದಳು. ಮುಖ ತಿರುಗಿಸಿ ಎಮ್ಮೆಯೊಡನೆ ಮಾತಾಡಿದಳು.

"ನೋಡವಾ ಎಮ್ಮಿ, ಯಾರ ಬಂದಾರ. ನಿನ್ನ ಕೊಳ್ಳಾಗಿನ ದಾರಾ ಭದ್ರ ಇಟ್ಕೊ. ಪಿನ್ನು ತಂದಿರತಾರ."

ನಾನು ಸೀರೆಯ ಪಿನ್ನನ್ನು ಸೆರಗಿನಡಿ ಮುಚ್ಚಿಕೊಂಡೆ. ಎಮ್ಮೆಯೂ ಕತ್ತು ಆಚೆ ತಿರುಗಿಸಿತು. ರಾಸಾ ಮುಂದೆ ಬಂದು, ಎರಡೂ ಕೈ ಮುಗಿದು, "ಆತ್ರಿ" ಎಂದಳು. ಗಂಗಕ್ಕನಿಗೆ ನಗು ತಡೆಯಲು ಬಹಳ ಕಷ್ಟವಾಯಿತು. ಮನೆಗೆ ಬಂದ ಹೊಸಬರೆದುರು ಮುನಿಸು ತೋರಿಸುವ ಹೆಂಗಸಲ್ಲ ಅವಳು. ಕೈ ತೊಳೆದು ಚಾಪೆ ಹಾಸಿದಳು. ಚಹಾ ಕೊಟ್ಟಳು. ಆಮೇಲೆ ಗೋಡೆಯನ್ನು ನೋಡುತ್ತ, "ಏನ ಬೇಕಂತ ಈ ಬಾಯಾರಿಗೆ?" ಎಂದಳು.

"ತಾಯತ" ಎಂದೆ. "ನಾನ ಮಾಡಿಕೊಡಬೇಕಂತ. ನನಗ ಬರೂದಿಲ್ಲ. ನೀ ಕಲಿಸಬೇಕು."

ಗಂಗಕ್ಕ ಮೊದಲು ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆರಳಿನ ಪಟ್ಟಿಗಳನ್ನು ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕಳು ಎಂದರೆ ಸಾಲದು; ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣೀರು ಒರೆಸಿಕೊಂಡು ನಕ್ಕಳು. ಒಂದೂವರೆ ವರ್ಷದ ನಗು ಬಾಕಿ ಇತ್ತು. ನಿಂತ ಮೇಲೆ ಮೆಲ್ಲಗೆ ಹೇಳಿದಳು.

"ಸುಶೀ, ಅವತ್ತ ಆ ಕ್ಯಾಲೆಂಡರ ಚೂರಿನ ಮ್ಯಾಲ ಯಾವ ತಾರೀಖು ಇತ್ತು, ನೋಡಿದ್ಯೇನ?"

"ಇಲ್ಲ."

"ಕೂಸು ಪೆಟಗಿ ಬಿಟ್ಟ ಹೊರಗ ಬಂದ ದಿನದ್ದು. ನಾನ ಹರದ ಇಟ್ಟಿದ್ದೆ, ನಾನ ಹೊಲದಿದ್ದೆ. ಯಾವ ಮಂತ್ರವಾದಿ ಕಡೆನೂ ಹೋಗಿರಲಿಲ್ಲ. ಹದಿನಾಕ ದಿನಾ ಕಾಜಿನ ಹೊರಗ ನಿಂತೇನಿ. ಮುಟ್ಟಾಕ ಬಿಡಲಿಲ್ಲ, ಎತ್ತಾಕ ಬಿಡಲಿಲ್ಲ. ಡಾಕ್ಟರು ಅವರ ಕೆಲಸಾ ಮಾಡಿದ್ರು, ಖರೆ. ನನ್ನ ಕೈಗೋಳು ಏನ ಮಾಡಬೇಕಾಗಿತ್ತು ಹೇಳು?"

ಅಷ್ಟೊಂದು ಸೂಕ್ಷ್ಮದರ್ಶಕಗಳಲ್ಲಿ ಕಣ್ಣಿಟ್ಟವಳು ನಾನು. ಒಂದು ಚೂರು ಕಾಗದವನ್ನು ಸರಿಯಾಗಿ ಓದಿರಲಿಲ್ಲ. "ತಪ್ಪಾತು ಅಕ್ಕಾ" ಎಂದೆ. ಅವಳು ಅಟ್ಟದಿಂದ ಗೋಧಿ ಹುಲ್ಲಿನ ಸಿವುಡು ಇಳಿಸಿ, ನೀರು ಚಿಮುಕಿಸಿ, ನನ್ನ ಮುಂದೆ ಹಾಕಿದಳು. "ಹಿಡಿ. ನಾ ಮುಟ್ಟೂದಿಲ್ಲ, ಬರೇ ಬೈತೀನಿ."

ಬೈದಳು. ನಾಲ್ಕು ತಾಸು ಬೈದಳು. ಹುಲ್ಲು ಹಸಿಯಿರುವಾಗ ತಿರುವಬೇಕು, ತಿರುವಿದ್ದನ್ನು ಬಿಡದೆ ಸುತ್ತಬೇಕು, ಸುತ್ತಿದ್ದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ದಾರ ಎಳೆಯಬೇಕು. ನನಗೆ ಎರಡು ಕೈ ಸಾಲದೆ ಹಲ್ಲನ್ನೂ ಬಳಸಿದೆ. "ಖಡು ಹಿಡದ ಕೈ, ಏನ ಬರತೈತಿ ಇದಕ್ಕ! ಬೋರ್ಡಿನ ಮ್ಯಾಲ ಚಕ್ರಾ ತಗದಂಗ ಅಲ್ಲಿದು. ಬಿಚ್ಚು, ಮತ್ತ ಮಾಡು" ಎನ್ನುತ್ತಿದ್ದಳು. ಏಳು ಸಲ ಬಿಚ್ಚಿಸಿದಳು. ನನ್ನ ವಿದ್ಯಾರ್ಥಿಗಳಿಗೆ ನಾನು ಎಷ್ಟೊಂದು ಸಲ "ಮತ್ತ ಬರಿ" ಎಂದಿದ್ದೆನೋ ಅದೆಲ್ಲ ನೆನಪಾಯಿತು. ರಾಸಾ ಪಕ್ಕದಲ್ಲಿ ಕೂತು, ಅಜ್ಜಿಯ ಚಕ್ರದ ಚಿತ್ರವನ್ನು ಕಾಗದದ ಮೇಲೆ ಎಂಜಿನಿಯರರ ಅಳತೆಯೊಂದಿಗೆ ಬರೆದು ತೋರಿಸುತ್ತಿದ್ದಳು. ಅಳತೆ ನೋಡಿ ಗಂಗಕ್ಕ, "ಇಷ್ಟ ಸಣ್ಣ ಸಿಂಬಿ ಯಾರ ತಲಿಗೆ?" ಎಂದು ಕೇಳಿದಳು. ನಾನು ಸೂರ್ಯನಿಗೆ ಎಂದೆ. "ಹಂಗಾದ್ರ ಬಿಸಿಲಿನ ಕೊಡಾ ಹೊರತಾನ" ಎಂದು ಒಪ್ಪಿಕೊಂಡಳು.

ಈ ಮಾತನ್ನು ಬೇಲಿಯಾಚೆ ನಿಂತು ಕೇಳಿಸಿಕೊಂಡವರು ಕಲ್ಲಪ್ಪ ಕಾಕಾ. ಅಕ್ಕನ ಹೊಲದ ಬಾಜೂ ಹೊಲ ಅವರದು. ಅವರ ಕಿವಿಗೆ ಬಿದ್ದದ್ದು ಎರಡೇ ಶಬ್ದ: ಸೂರ್ಯ ಮತ್ತು ಬಿಸಿಲು. ಪೂಜೆ ಎಂಬುದನ್ನು ಅವರೇ ಸೇರಿಸಿಕೊಂಡರು.

ಆ ವರ್ಷ ಮಿರಗದ, ಅಂದರೆ ಮೃಗಶಿರದ, ಮಳೆ ಬಂದಿರಲಿಲ್ಲ ಎಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ನಮ್ಮ ಕಡೆ ಜೂನ್ ಮೊದಲ ವಾರದಿಂದ ಎರಡು ವಾರ ಮಿರಗ, ಅದರಲ್ಲಿ ಬಿತ್ತಿಗೆ. ಎಲ್ಲರೂ ಬಿತ್ತುವ ಕೂರಿಗೆ ಕಟ್ಟಿಕೊಂಡು, ಬೀಜ ಹಸನು ಮಾಡಿಕೊಂಡು, ದಿನವೂ ಪಡುವಣ ದಿಕ್ಕಿಗೆ ಕತ್ತೆತ್ತಿ ನೋಡುತ್ತಿದ್ದರು. ಮೋಡ ಬರುತ್ತಿತ್ತು, ಸುಮ್ಮನೆ ಹಾದು ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ, ಬಿಸಿಲನ್ನು ಕರೆಯುವ ಪೂಜೆಯನ್ನು ಊರಿನ ನಡುವೆ ಯಾರಾದರೂ ಮಾಡುತ್ತಾರೆಂದರೆ!

ಮರುದಿನ, ಇಪ್ಪತ್ತೊಂದರ ಸಂಜೆ, ನಾನು, ರಾಸಾ, ನಮ್ಮ ಮನೆಯವರು ಅಕ್ಕನ ಹೊಲಕ್ಕೆ ಹೋದೆವು. ನಮ್ಮ ಮನೆಯವರು ಒಣ ಕಟ್ಟಿಗೆ ಹೊತ್ತುಕೊಂಡಿದ್ದರು, ಗಂಗಕ್ಕ ಬದುವಿನಲ್ಲಿ ತುಂಬೆ, ಬೇವು, ಗರಿಕೆ, ಎಕ್ಕೆ ಎಂದು ಎಂಟು ಬಗೆಯ ಸೊಪ್ಪು ಆರಿಸಿಟ್ಟಿದ್ದಳು. ಸೂರ್ಯ ಮುಳುಗುವ ಹೊತ್ತಿಗೆ ಕೊನೆಯ ಗಂಟು ಹಾಕಬೇಕು ಎಂಬುದು ರಾಸಾಳ ಅಜ್ಜಿಯ ನಿಯಮ. ಬದುವಿನ ಮೇಲೆ ನಲವತ್ತು ಐವತ್ತು ಜನ ಸಾಲಾಗಿ ನಿಂತಿದ್ದರು. ಮುಂದೆ ಕಲ್ಲಪ್ಪ ಕಾಕಾ, ಕೈಯಲ್ಲಿ ಬಡಿಗೆ. ಹೊಡೆಯಲಿಕ್ಕಲ್ಲ, ಅವರಿಗೆ ಮಂಡಿನೋವು. ಆದರೂ ಬಡಿಗೆ ಬಡಿಗೆಯೇ.

"ಅಕ್ಕಾರ, ನೀವು ಸಾಲಿ ಕಲಿಸಿದವರು" ಎಂದರು. "ಮಿರಗ ಖಾಲಿ ಹೋತು. ಬೀಜ ಮನ್ಯಾಗ ಕುಂತೈತಿ. ಈಗ ನೀವು ಸೂರ್ಯಗ ಹಾರಾ ಹಾಕಿ ಕರದ್ರ ಮೋಡ ನಿಂದ್ರತಾವೇನ್ರಿ? ಇದನ್ನ ಮಾಡಬ್ಯಾಡ್ರಿ. ಕೈ ಮುಗೀತೀನಿ."

ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಇದು ಹುಲ್ಲು, ಇದಕ್ಕೆ ಮಳೆ ನಿಲ್ಲಿಸುವ ಶಕ್ತಿ ಇಲ್ಲ. ಮೂವತ್ತೊಂದು ವರ್ಷ ಹೇಳಿದ ಮಾತು, ತುಟಿಯವರೆಗೆ ತಾನಾಗಿಯೇ ಬಂತು. ಪಕ್ಕದಲ್ಲಿ ರಾಸಾ ನಿಂತಿದ್ದಳು. ಭಾಷೆ ತಿಳಿಯದಿದ್ದರೂ ಏನೋ ತಪ್ಪಾಗಿದೆ ಎಂದು ಅವಳಿಗೆ ಗೊತ್ತಾಗಿ, ಮುಖ ಸಣ್ಣದಾಗಿತ್ತು. ಮನೆಗೆ ಹೋಗೋಣ ಎಂದು ನನ್ನ ಸೆರಗು ಎಳೆದಳು. ಶಕ್ತಿ ಇಲ್ಲ ಎಂದರೆ ಇವಳ ಅಜ್ಜಿ ಹೋಗುತ್ತಾಳೆ. ಇದೆ ಎಂದರೆ ಇವರ ಮಳೆ ಹೋಗುತ್ತದೆ. ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ನನಗೆ ಬಂದಿರಲಿಲ್ಲ. ಏನು ಮಾಡಬೇಕೋ ತೋಚದಿದ್ದಾಗ ಟೀಚರುಗಳು ಮಾಡುವುದನ್ನೇ ಮಾಡಿದೆ. ಪಾಠ ಶುರು ಮಾಡಿದೆ.

ಕಲ್ಲಪ್ಪ ಕಾಕಾನ ಬಡಿಗೆ ಇಸಿದುಕೊಂಡು ನೆಲದ ಮೇಲೆ ಗೆರೆ ಎಳೆದೆ. "ಸೂರ್ಯ ದಿನಾ ಒಂದ ಜಾಗಾದಾಗ ಮುಳಗತಾನೇನ್ರಿ ಕಾಕಾ?"

"ಇಲ್ರಿ. ಸರಕೋಂತ ಹೊಕ್ಕಾನ. ಸಂಕ್ರಮಣಕ್ಕ ಅಲ್ಲಿ, ಆ ಬೇವಿನ ಗಿಡದ ಕಡೆ. ಈಗ ಇಲ್ಲಿ."

"ಇದ ಕಡೀ ಜಾಗಾ. ಇವತ್ತ ಉತ್ತರದ ತುದಿ ಮುಟ್ಟಿದ. ನಾಳಿಯಿಂದ ಹೊಳ್ಳಿ ದಕ್ಷಿಣಕ್ಕ ಹೊಂಡತಾನ. ಹಗಲು ಸಣ್ಣದಾಕ್ಕೋತ ಹೋಗತೈತಿ. ಈಕಿ ಊರಾಗ ಇವತ್ತ ಅವನ ಸಲುವಾಗಿ ಹಾಡತಾರ."

ಒಂದಕ್ಷರವೂ ಸುಳ್ಳಲ್ಲ. ಮುಂದಿನದನ್ನು ನಾನು ಹೇಳಲೇ ಇಲ್ಲ. ಕಲ್ಲಪ್ಪ ಕಾಕಾ ಗೆರೆಯನ್ನೇ ನೋಡುತ್ತ ನಿಂತಿದ್ದವರು ಒಮ್ಮೆಲೇ ಜನರ ಕಡೆ ತಿರುಗಿದರು.

"ಏ, ಇದು ಕರಿಯೂ ಪೂಜಿ ಅಲ್ಲೋ! ಕಳಸೂ ಪೂಜಿ! ಸೂರ್ಯಾ ಹೊಂಟಾನ, ಈ ಬಾಯಾರು ಅವಗ ಹೋಗಿ ಬಾ ಅನ್ನಾಕ ಬಂದಾರ!" ಆಮೇಲೆ ನನ್ನ ಕಡೆ ಗದರಿದರು: "ಮೊದಲ ಹೇಳಬಾರದೇನ್ರಿ ಅಕ್ಕಾರ? ಇಷ್ಟ ದೊಡ್ಡ ಮನಶ್ಯಾನ್ನ ಬರಿಗೈಲೆ ಕಳಸತೀರೇನು? ಬುತ್ತಿ ಎಲ್ಲೈತಿ?"

ಅಲ್ಲಿಂದ ಮುಂದೆ ಪೂಜೆ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಹತ್ತು ನಿಮಿಷದಲ್ಲಿ ಸೂರ್ಯನ ಪ್ರಯಾಣಕ್ಕೆ ಜೋಳದ ರೊಟ್ಟಿ ಬಂತು, ಶೇಂಗಾ ಚಟ್ನಿ ಬಂತು, ಮೊಸರು ಬಂತು. ದಾರಿಯಲ್ಲಿ ನೀರಡಿಕೆಯಾದರೆಂದು ಒಬ್ಬಳು ತಂಬಿಗೆ ನೀರಿಟ್ಟಳು. ಬೆಂಕಿ ಹಾಕಿದೆವು. ರಾಸಾ ಹಾಡಿದಳು, ಒಂದೇ ಧಾಟಿ, ಮೆಲ್ಲಗೆ, ತೊಟ್ಟಿಲು ತೂಗಿದಂತೆ. ಅದು ಮುಗಿಯುವುದೇ ತಡ, ನಮ್ಮ ಹೆಂಗಸರು ಸೋಬಾನೆಯ ಪದದಲ್ಲಿ ಉತ್ತರ ಕೊಟ್ಟರು. ಬೆಂಕಿ ಜಿಗಿಯುವ ಪದ್ಧತಿ ಇದೆ ಎಂದಾಗ ಎಲ್ಲರಿಗಿಂತ ಮೊದಲು ಮುಂದೆ ಬಂದವರು ನಮ್ಮ ಮನೆಯವರು. ಧೋತರ ಎತ್ತಿ ಕಟ್ಟಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಬೆಂಕಿಯ ಮುಂದೆ ಗಕ್ಕನೆ ನಿಂತು, ಸುತ್ತು ಹಾಕಿ ಆಚೆ ಹೋದರು. ಅರವತ್ತೆಂಟು ವರ್ಷದ ಗಂಗಕ್ಕ ಸೀರೆಯ ನೆರಿಗೆ ಹಿಡಿದು ಒಂದೇ ಹಾರಿಗೆ ದಾಟಿದಳು. ಬೆಂಕಿ ಅಷ್ಟರಲ್ಲಿ ಒಲೆಯಷ್ಟಾಗಿತ್ತು ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ.

ಇಷ್ಟೆಲ್ಲ ಆದರೂ ಸೂರ್ಯ ಮಾತ್ರ ಕಾಣಲಿಲ್ಲ. ಪಡುವಣದಲ್ಲಿ ದಟ್ಟ ಮೋಡ. ಗಂಟು ಹಾಕುವುದು ಯಾವಾಗ? ಎಲ್ಲರೂ ನನ್ನ ಮುಖ ನೋಡಿದರು. ನಾನು ಮೊಬೈಲಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿ, ನಿಮಿಷಕ್ಕೆ ಸರಿಯಾಗಿ, ಎಂಟು ಸೊಪ್ಪನ್ನೂ ಒಂಬತ್ತನೆಯದಾಗಿ ಕಲ್ಲಪ್ಪ ಕಾಕಾ ಕಿತ್ತುಕೊಟ್ಟ ಕಬ್ಬಿನ ಗರಿಯನ್ನೂ ಸೇರಿಸಿ ಗಂಟು ಬಿಗಿದೆ. ಬಿಗಿಯುವಾಗ ಮನಸ್ಸಿನಲ್ಲಿ ಇದ್ದದ್ದು ಆ ಕಬ್ಬಿಣದ ಏಣಿ. ಬೀಳಬಾರದು, ಈ ಹುಡುಗಿ ಬೀಳಬಾರದು ಎಂದು ಯಾರಿಗೆ ಹೇಳಿಕೊಂಡೆನೋ ಗೊತ್ತಿಲ್ಲ, ಹೇಳಿಕೊಂಡದ್ದು ನಿಜ. ರಾಸಾ ಅದನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಇಂಗ್ಲಿಷೂ ಬರಲಿಲ್ಲ, ಅವಳ ಭಾಷೆಯೂ ಬರಲಿಲ್ಲ. ಕಡೆಗೆ "ಆತ್ರಿ" ಎಂದಳು. ಅಷ್ಟು ಚೆನ್ನಾಗಿ ಆ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಐದನೆಯ ದಿನ, ಆರಿದ್ರಾ ಮಳೆ ಹಿಡಿಯಿತು. ಹವಾಮಾನದವರು ಅದನ್ನು ವಾರದ ಮೊದಲೇ ಹೇಳಿದ್ದರು ಎಂದು ನಾನು ಕಲ್ಲಪ್ಪ ಕಾಕಾನಿಗೆ ವಿವರಿಸಿದೆ. ಮಾರುತಗಳ ನಕ್ಷೆಯನ್ನೂ ತೋರಿಸಿದೆ. ಅವರು ಪೂರ್ತಿ ಕೇಳಿ, "ಅಲ್ರಿ ಅಕ್ಕಾರ, ಸೂರ್ಯಾ ನಡಕೋತ ಹೋಗಬೇಕು. ನಮ್ಮ ಸೀಮಿ ದಾಟಾಕ ಐದು ದಿನಾ ಬೇಕಲ್ಲೇನ್ರಿ?" ಎಂದರು. ರಾಸಾ ಯಂತ್ರವನ್ನು ಓಡಿಸಿ ತೋರಿಸಿ, ಮೈಗೆ ಒಂದು ಗೀರೂ ಇಲ್ಲದೆ, ಆಗಸ್ಟಿನಲ್ಲಿ ಊರಿಗೆ ಹೋದಳು. ಸೊಂಟದ ಪಟ್ಟಿ ಗಟ್ಟಿಯಾಗಿತ್ತು, ಅವಳು ಎಚ್ಚರದ ಹೆಂಗಸು. ಕಾರಣ ಇಷ್ಟೇ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಕೇಳುವವರು ಬಹಳ ಇದ್ದಾರೆ, ಅದೇ ಈಗಿನ ತೊಂದರೆ. ಹೋದ ತಿಂಗಳು ಹುಕ್ಕೇರಿಯಿಂದ ಒಬ್ಬ ಹೆಣ್ಣುಮಗಳು ವಿಳಾಸ ಹುಡುಕಿಕೊಂಡು ಬಂದಳು. ಮಗಳಿಗೆ ಬಸ್ಸು ನಡೆಸುವ ಕೆಲಸ ಸಿಕ್ಕಿದೆ, ಘಟ್ಟದ ದಾರಿ, ಮನೆಯವರು ಯಾರೂ ಬೇಡ ಎನ್ನಲಿಲ್ಲ, ಮಗಳು ಕೇಳುವವಳೂ ಅಲ್ಲ. "ನಿಮ್ಮ ಸೂರ್ಯನ ಸಿಂಬಿ ಒಂದು ಬೇಕಾಗಿತ್ರಿ" ಎಂದಳು. ಹುಲ್ಲನ್ನು ತಾನೇ ತಂದಿದ್ದಳು. ಅವಳನ್ನು ಕೂಡಿಸಿ, ನೀರು ಕೊಟ್ಟು, ಅರ್ಧ ತಾಸು ಪಾಠ ಮಾಡಿದೆ. ಹುಲ್ಲು ಎಂದರೇನು, ದಾರ ಎಂದರೇನು, ಬಸ್ಸನ್ನು ಕಾಯುವುದು ಬ್ರೇಕು ಮತ್ತು ಮಗಳ ಎಚ್ಚರ ಮಾತ್ರ, ಇದರಲ್ಲಿ ಯಾವ ಶಕ್ತಿಯೂ ಇಲ್ಲ. ಅವಳು ಒಂದು ಸಲವೂ ಅಡ್ಡ ಮಾತಾಡದೆ ಕೇಳಿದಳು. ನನ್ನ ಸರ್ವೀಸಿನಲ್ಲಿ ಅಷ್ಟು ಒಳ್ಳೆಯ ವಿದ್ಯಾರ್ಥಿ ಸಿಕ್ಕಿರಲಿಲ್ಲ.

"ಎಲ್ಲಾ ತಿಳೀತ್ರಿ ಅಕ್ಕಾರ" ಎಂದಳು. "ಖರೇನ ಐತಿ ನೀವು ಹೇಳೂದು. ದಾರ ಹಳದೀದ ಕಟ್ಟಬೇಕೋ, ಕೆಂಪು ನಡೀತೈತೋ?"

ಅವಳ ಎರಡೂ ಕೈಗಳು ಮಡಿಲಲ್ಲಿದ್ದ ಹುಲ್ಲನ್ನು ಆಗಲೇ ಸವರುತ್ತಿದ್ದವು.

"ಹಳದಿ" ಎಂದೆ. "ಆದ್ರ ನಾ ಕಟ್ಟೂದಿಲ್ಲ. ತಾಯಿ ನೀವು. ನೀವ ಕಟ್ರಿ, ನಾ ತೋರಸತೀನಿ."

ಸಂಜೆಯವರೆಗೆ ಕೂತಳು. ಮೊದಲ ಸುತ್ತು ಸಡಿಲವಾಗಿತ್ತು, ಬಿಚ್ಚಿಸಿದೆ. ಎರಡನೆಯದನ್ನೂ ಬಿಚ್ಚಿಸಿದೆ. ಅದರಲ್ಲಿ ಶಕ್ತಿಯಿಲ್ಲ ಎಂಬುದು ಬೇರೆ ಮಾತು. ಗಂಟು ಮಾತ್ರ ಸಡಿಲ ಇರಬಾರದು.